ಎಲ್ಲಿಗೆ ಬಂದಿರಿ?

(ಮಂಡ್ಯದಲ್ಲಿ ಒಂದು ಭಾನುವಾರ ಬೆಳಿಗ್ಗೆ, ಓದುಗರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಬರುವವರು ತಮಗೆ ಇಷ್ಟವಾದ ಒಂದು ಹಳೆಯ ಕಾದಂಬರಿಯನ್ನೂ ಓದಬೇಕೆಂದು ತಂದು ಓದದೆ ಉಳಿಸಿಕೊಂಡ ಒಂದು ಪುಸ್ತಕವನ್ನೂ ಹಿಡಿದು ಬರಬೇಕೆಂಬುದು ಅಂದಿನ ಕರಾರಾಗಿತ್ತು.)

ಎಲ್ಲರಿಗೂ ನಮಸ್ಕಾರ.

ಕರಾರಿನಂತೆ ನಾನೂ ಎರಡು ಪುಸ್ತಕ ತಂದಿದ್ದೇನೆ. ಮೇಜಿನ ಮೇಲಿವೆ, ನೋಡಿ. ಒಂದರ ಬೆನ್ನು ಕಿತ್ತುಹೋಗಿ ಎರಡು ಸಲ ಗೋಂದು ಕಂಡಿದೆ. ಇನ್ನೊಂದು ಮದುಮಗನ ಅಂಗಿಯ ಹಾಗೆ ಗರಿಗರಿಯಾಗಿದೆ. ಯಾವುದು ಓದಿದ್ದು, ಯಾವುದು ಓದದ್ದು ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ನಾನು ಸಾಹಿತಿಯಲ್ಲ, ಮೇಷ್ಟರೂ ಅಲ್ಲ. ಮೂವತ್ತಾರು ವರ್ಷ ಅಂಚೆ ಇಲಾಖೆಯಲ್ಲಿ ಗುಮಾಸ್ತೆಯಾಗಿ ಈ ಜಿಲ್ಲೆಯನ್ನೂ ಮೈಸೂರನ್ನೂ ಸುತ್ತಿದವನು. ಪುಸ್ತಕದ ತೂಕ ಎಷ್ಟೆಂಬುದು ವಿಮರ್ಶಕರಿಗಿಂತ ನನಗೆ ಚೆನ್ನಾಗಿ ಗೊತ್ತು. ಗ್ರಾಂ ಲೆಕ್ಕದಲ್ಲಿ, ತಕ್ಕಡಿಯ ಮೇಲಿಟ್ಟು ಹೇಳುತ್ತಿದ್ದೆ. ಹಾಗಾಗಿ ನನ್ನಿಂದ ಸಾಹಿತ್ಯ ವಿಮರ್ಶೆ ನಿರೀಕ್ಷಿಸಬೇಡಿ. ಪುಸ್ತಕಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೇಗೆ ಹೋಗುತ್ತವೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ ಎಂಬ ಒಂದು ವಿಷಯವನ್ನು ಮಾತ್ರ ನಾನು ಬಲ್ಲೆ.

ಬೆನ್ನು ಹರಿದ ಪುಸ್ತಕದಿಂದ ಶುರು ಮಾಡುತ್ತೇನೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. 1941ರಲ್ಲಿ ಮೊದಲು ಬಂದ ಕಾದಂಬರಿ. ಇದು ನನ್ನ ಕೈಗೆ ಬಂದದ್ದು 1981ರಲ್ಲಿ, ಮದ್ದೂರು ತಾಲ್ಲೂಕಿನ ಒಂದು ಉಪ ಅಂಚೆ ಕಚೇರಿಯಲ್ಲಿ, ವಿ.ಪಿ.ಪಿ. ಕಟ್ಟಾಗಿ. ಇಲ್ಲಿರುವ ಹುಡುಗ ಹುಡುಗಿಯರಿಗೆ ವಿ.ಪಿ.ಪಿ. ಎಂದರೆ ಗೊತ್ತಿರಲಿಕ್ಕಿಲ್ಲ. ಅಂಗಡಿಯವರು ಪುಸ್ತಕವನ್ನು ಅಂಚೆಗೆ ಹಾಕುತ್ತಾರೆ. ವಿಳಾಸದಾರರು ಅಂಚೆ ಕಚೇರಿಗೆ ಬಂದು ಹಣ ಕಟ್ಟಿ ಬಿಡಿಸಿಕೊಳ್ಳಬೇಕು. ಆ ಹಣ ಮನಿ ಆರ್ಡರಾಗಿ ಅಂಗಡಿಗೆ ಹೋಗುತ್ತದೆ. ಬಿಡಿಸಿಕೊಳ್ಳದಿದ್ದರೆ ಕೆಲವು ದಿನ ಇಟ್ಟುಕೊಂಡು ಕಟ್ಟನ್ನು ವಾಪಸ್ಸು ಕಳಿಸುತ್ತೇವೆ. ಈ ಕಟ್ಟು ಅದೇ ಊರಿನ ಪ್ರೈಮರಿ ಶಾಲೆಯ ಮೇಷ್ಟರೊಬ್ಬರ ಹೆಸರಿಗೆ ಬಂದಿತ್ತು. ದಿನ ಕಳೆಯಿತು, ಮೇಷ್ಟರು ಬರಲಿಲ್ಲ. ನಾಳೆ ವಾಪಸ್ಸು ಕಳಿಸಬೇಕು ಎನ್ನುವ ಸಂಜೆ ಬಂದರು. ಕೈಯಲ್ಲಿ ಛತ್ರಿ ಇತ್ತು, ಜೇಬಿನಲ್ಲಿ ದುಡ್ಡಿರಲಿಲ್ಲ.

“ಎರಡು ತಿಂಗಳಿಂದ ಸಂಬಳ ಆಗಿಲ್ಲ ಸ್ವಾಮಿ. ಆದರೆ ವಾಪಸ್ಸು ಮಾತ್ರ ಕಳಿಸಬೇಡಿ. ನೀವೇ ಬಿಡಿಸಿಕೊಳ್ಳಿ, ಓದುತ್ತಿರಿ. ನನ್ನ ಕೈಗೆ ದುಡ್ಡು ಬಂದ ದಿನ ನಿಮ್ಮಿಂದ ಕೊಂಡುಕೊಳ್ಳುತ್ತೇನೆ” ಎಂದರು.

ನನಗಾಗ ಇಪ್ಪತ್ತಮೂರು ವರ್ಷ. ಪತ್ತೇದಾರಿ ಕಾದಂಬರಿ ಬಿಟ್ಟು ಬೇರೆ ಓದಿದವನಲ್ಲ. ಮೇಷ್ಟರ ಮುಖ ನೋಡಿ ಇಲ್ಲವೆನ್ನಲಾಗದೆ ಹಣ ಕಟ್ಟಿದೆ. ಹಣ ಕಟ್ಟಿದ ತಪ್ಪಿಗೆ ಓದಲು ಕುಳಿತೆ. ಅಲ್ಲಿಂದ ಮುಂದೆ ವಾರಕ್ಕೆರಡು ಸಲ ಮೇಷ್ಟರು ಕಚೇರಿಯ ಕಟಕಟೆಯ ಆಚೆ ಬಂದು ನಿಲ್ಲುತ್ತಿದ್ದರು. ಒಂದು ಕಾರ್ಡು ಕೊಳ್ಳುತ್ತಿದ್ದರು. ಕಾರ್ಡು ನೆಪ. “ಎಲ್ಲಿಗೆ ಬಂದಿರಿ?” ಎಂದು ಕೇಳಲು ಬರುತ್ತಿದ್ದರು.

ಒಂದು ದಿನ ಹೇಳಿದೆ: “ಮದುವೆ ಆಯಿತು ಮೇಷ್ಟ್ರೇ.”

“ಯಾರದು? ರಾಮ ಐತಾಳರ ಎರಡನೆಯದೋ?”

“ಹೌದು, ಸತ್ಯಭಾಮೆ ಮನೆಗೆ ಬಂದಳು.”

ಅವರು ಛತ್ರಿಯನ್ನು ಕಟಕಟೆಗೆ ಒರಗಿಸಿ ಕೇಳಿದರು: “ಪಾರೋತಿಯ ಮುಖ ನೋಡಿದಿರಾ?”

ನೋಡಿರಲಿಲ್ಲ. ಮದುವೆಯ ಗಡಿಬಿಡಿಯಲ್ಲಿ ಪುಟ ಮಗುಚಿಬಿಟ್ಟಿದ್ದೆ. ಪಾರೋತಿ ಐತಾಳರ ಮೊದಲ ಹೆಂಡತಿ. ಮಕ್ಕಳಿಲ್ಲ. ಐತಾಳರ ವಿಧವೆ ತಂಗಿ ಸರಸೋತಿ. ಈ ಇಬ್ಬರು ಹೆಂಗಸರು ಕಡಲು ಮತ್ತು ಹೊಳೆಯ ನಡುವಿನ ಆ ಜಾಗದಲ್ಲಿ ಗದ್ದೆಗೆ ಇಳಿದು, ಸೊಪ್ಪು ಹೊತ್ತು, ಒಲೆ ಊದಿ ಒಂದು ಮನೆಯನ್ನು ನಿಲ್ಲಿಸಿದವರು. ಪೌರೋಹಿತ್ಯದಲ್ಲಿ ಊರೂರು ತಿರುಗುವ ಗಂಡಸಿಗೆ ಅದು ಲೆಕ್ಕಕ್ಕೇ ಇಲ್ಲ. ಅವತ್ತು ರಾತ್ರಿ ಲಾಟೀನಿನ ಬೆಳಕಿನಲ್ಲಿ ನಲವತ್ತು ಪುಟ ಹಿಂದಕ್ಕೆ ಹೋದೆ. ಎರಡನೆಯ ಓದಿನಲ್ಲಿ ಅದು ಬೇರೆಯೇ ಪುಸ್ತಕ. ಐತಾಳ, ಮಗ ಲಚ್ಚ, ಮೊಮ್ಮಗ ರಾಮ ಎಂದು ಮೂರು ತಲೆಮಾರಿನ ಗಂಡಸರ ಕಥೆ ಎಂದು ಎಲ್ಲರೂ ಹೇಳುವ ಕಾದಂಬರಿಯನ್ನು ನಾನು ಈ ಹೊತ್ತಿಗೂ ಪಾರೋತಿ, ಸರಸೋತಿ, ಲಚ್ಚನ ಹೆಂಡತಿ ನಾಗವೇಣಿ ಇವರ ಕಾದಂಬರಿ ಎಂದೇ ಓದುತ್ತೇನೆ. ಆ ಮೇಷ್ಟರು ನನಗೆ ಪುಸ್ತಕವನ್ನು ಹೊಗಳಿ ಒಂದು ಮಾತನ್ನೂ ಹೇಳಿರಲಿಲ್ಲ. ‘ಮೇರುಕೃತಿ’ ಎಂಬ ಪದ ಅವರ ಬಾಯಲ್ಲಿ ಬರಲಿಲ್ಲ. ಎರಡು ಪ್ರಶ್ನೆ ಕೇಳಿದರು, ಅಷ್ಟೇ.

ಮೂರನೆಯ ತಿಂಗಳು ಸಂಬಳ ಬಂತು. ಹೇಳಿದ ಮಾತಿನಂತೆ ಪೂರ್ತಿ ಹಣ ಕೊಟ್ಟು ಪುಸ್ತಕ ಕೊಂಡುಹೋದರು. ಅದು ಮತ್ತೆ ನನ್ನ ಬಳಿ ಬಂದದ್ದು ಅವರು ತೀರಿಕೊಂಡ ಮೇಲೆ. ಅವರ ಮಗ ಹುಡುಕಿಕೊಂಡು ಬಂದು ಕೊಟ್ಟರು.

ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇದನ್ನೇ. ಓದದೆ ಉಳಿದ ಪುಸ್ತಕಗಳ ಬಗ್ಗೆ ನಾವೆಲ್ಲ ಕೊಡುವ ಕಾರಣ ಒಂದೇ: ಪುರಸೊತ್ತಿಲ್ಲ. ಸುಳ್ಳು. ನಾನು ನಿವೃತ್ತನಾಗಿ ಹತ್ತು ವರ್ಷವಾಯಿತು. ಪುರಸೊತ್ತು ಧಂಡಿಯಾಗಿದೆ. ಬೆಳಿಗ್ಗೆ ಪೇಪರನ್ನು ಟೆಂಡರ್ ಜಾಹೀರಾತಿನವರೆಗೂ ಓದುತ್ತೇನೆ. ಆದರೂ ಈ ಗರಿಗರಿ ಪುಸ್ತಕ ಮುಂದೆ ಹೋಗಿಲ್ಲ. ಅದು ಕಾಯುತ್ತಿರುವುದು ನನ್ನ ಪುರಸೊತ್ತಿಗಲ್ಲ, ಕಟಕಟೆಯ ಆಚೆ ನಿಂತು ‘ಎಲ್ಲಿಗೆ ಬಂದಿರಿ’ ಎಂದು ಕೇಳುವ ಒಬ್ಬ ಮನುಷ್ಯನಿಗೆ.

ನಮ್ಮ ಕಡೆ ಇದು ಹೊಸದೇನಲ್ಲ. ನಮ್ಮ ಊರು ನಾಗಮಂಗಲದ ಕಡೆ. ನಾನು ಚಿಕ್ಕವನಿದ್ದಾಗ ಶ್ರಾವಣದಲ್ಲಿ ದೇವಸ್ಥಾನದ ಜಗುಲಿಯಲ್ಲಿ ಲಕ್ಷ್ಮೀಶನ ಜೈಮಿನಿ ಭಾರತ ಓದಿಸುತ್ತಿದ್ದರು. ಒಬ್ಬರು ವಾಚನ ಮಾಡುವುದು, ಇನ್ನೊಬ್ಬರು ವ್ಯಾಖ್ಯಾನ ಹೇಳುವುದು. ನಮ್ಮ ಅಜ್ಜಿಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ವಾಚನ ಮಾಡುವವರು ನಿದ್ದೆಗಣ್ಣಿನಲ್ಲಿ ಒಂದು ಷಟ್ಪದಿ ಹಾರಿಸಿದರೆ ಕಂಬದ ಹಿಂದಿನಿಂದ ಕೆಮ್ಮುತ್ತಿದ್ದಳು. ಅವಳು ಲಕ್ಷ್ಮೀಶನನ್ನು ಓದಿದ್ದಾಳೋ ಇಲ್ಲವೋ? ನೀವೇ ಹೇಳಿ. ಒಬ್ಬರೇ ಮೂಲೆಯಲ್ಲಿ ಕುಳಿತು ತುಟಿ ಅಲ್ಲಾಡಿಸದೆ ಗದ್ಯದ ಕಥೆ ಓದುವ ಅಭ್ಯಾಸ ನಮ್ಮಲ್ಲಿ ಈಚಿನದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕೆಂಪುನಾರಾಯಣ ‘ಮುದ್ರಾಮಂಜೂಷ’ ಬರೆದದ್ದು 1823ರಲ್ಲಿ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದದ್ದು 1899ರಲ್ಲಿ. ಮೈಸೂರಿನವರೇ ಆದ ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ 1915ರದು. ನೂರು, ಇನ್ನೂರು ವರ್ಷ ಅಷ್ಟೇ. ಅದಕ್ಕೂ ಹಿಂದೆ ಪುಸ್ತಕವೆಂದರೆ ಯಾರೋ ಓದುವುದು, ಹತ್ತು ಜನ ಕೇಳುವುದು. ಕಾದಂಬರಿ ಬಂದ ಮೇಲೂ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಓದುಗ ತಾನಾಗಿ ಬರುತ್ತಾನೆ ಎಂದು ಅವರು ನಂಬಿ ಕೂರಲಿಲ್ಲ.

(ಮುದ್ರಾಮಂಜೂಷ ಓದಿದ್ದೀರಾ ಎಂದು ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಇಲ್ಲ. ಮನೆಯಲ್ಲಿದೆ. ಮೊದಲ ಪುಟದ ಗದ್ಯವೇ ಅರಮನೆಯ ಬಾಗಿಲಿನ ಪಹರೆಯವನಂತೆ ತಡೆದು ನಿಲ್ಲಿಸಿತು. ಓದದವುಗಳ ಪಟ್ಟಿಯಲ್ಲಿ ಅದನ್ನೂ ಬರೆದುಕೊಳ್ಳಿ.)

ಇನ್ನೊಂದು ಸಂಗತಿ. ದೇವನೂರ ಮಹಾದೇವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಶಸ್ತಿ ಬಂದ ಪುಸ್ತಕವಲ್ಲವೇ, ಮೈಸೂರಿನಲ್ಲಿ ಕೊಂಡೆ. ತೆಳ್ಳಗಿತ್ತು, ಒಂದೇ ಸಂಜೆಗೆ ಮುಗಿಸಬಹುದು ಎಂದುಕೊಂಡೆ. ಒಂಬತ್ತನೆಯ ಪುಟದಲ್ಲಿ ಕೈಚೆಲ್ಲಿದೆ. ನಂಜನಗೂಡು, ಚಾಮರಾಜನಗರದ ಕಡೆಯ ಆಡುಮಾತನ್ನು ಇದ್ದ ಹಾಗೇ ಇಳಿಸಿದ ಬರಹ ಅದು. ನಾನು ಮಂಡ್ಯದವನು, ನನ್ನ ಮಾತೂ ಪುಸ್ತಕದ ಕನ್ನಡವೇನಲ್ಲ. ಆದರೂ ಕಣ್ಣಿಗೆ ಸಾಲು ಸಾಗಲಿಲ್ಲ. ಕಚೇರಿಯ ಮೇಜಿನ ಡ್ರಾಯರಿನಲ್ಲಿ ಎಸೆದಿದ್ದೆ.

ಆಗ ನಮ್ಮ ಕಚೇರಿಯಲ್ಲಿ ನಂಜನಗೂಡಿನ ಕಡೆಯ ಪ್ಯಾಕರ್ ಒಬ್ಬರಿದ್ದರು. ಟಪಾಲು ಚೀಲ ಕಟ್ಟುವುದು, ಅರಗಿನ ಮುದ್ರೆ ಒತ್ತುವುದು ಅವರ ಕೆಲಸ. ಕಾದಂಬರಿ ಓದುವ ಅಭ್ಯಾಸ ಅವರಿಗಿರಲಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಡ್ರಾಯರಿನಲ್ಲಿ ಅರಗು ಹುಡುಕುತ್ತಿದ್ದ ಅವರ ಕೈಗೆ ಈ ಪುಸ್ತಕ ಸಿಕ್ಕಿತು. ತೆಗೆದು, ಅಕ್ಷರ ಕೂಡಿಸಿಕೊಂಡು, ಶಾಲೆಯ ಹುಡುಗನಂತೆ ಜೋರಾಗಿ ಓದತೊಡಗಿದರು. ಮೊದಲ ಎರಡು ಸಾಲು ಎಡವಿದರು. ಮೂರನೆಯ ಸಾಲಿಗೆ ಅವರ ಕೊರಳು ಹದಕ್ಕೆ ಬಂತು. ನಾನು ಒಡೆಯಲಾಗದೆ ಬಿಟ್ಟ ಪದಗಳು ಅವರ ಬಾಯಲ್ಲಿ ಕಡಲೆಕಾಯಿಯ ಹಾಗೆ ಪಟಪಟ ಒಡೆದುಕೊಂಡವು. ಮನೆಮನೆಯ ದೀಪಗಳು, ಅಂದರೆ ಜೋತಮ್ಮಂದಿರು, ರಾತ್ರಿ ಒಂದೆಡೆ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಳ್ಳುವ ಭಾಗ ಬಂದಾಗ ಅವರು ಓದು ನಿಲ್ಲಿಸಿ ನನ್ನನ್ನು ನೋಡಿದರು. “ಇದು ನಮ್ಮವ್ವ ಹೇಳುತ್ತಿದ್ದ ಕಥೆ ಸಾರ್. ಇದನ್ನು ಪುಸ್ತಕದಲ್ಲಿ ಹಾಕಿದ್ದಾರಾ?” ಎಂದರು. ವಿಂಗಡಿಸಬೇಕಾದ ಕಾಗದ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ನಾಲ್ಕು ಜನ ಸುತ್ತ ನಿಂತು ಕೇಳುತ್ತಿದ್ದೆವು. ಕರೆಂಟು ಬಂದದ್ದು ಯಾರಿಗೂ ಬೇಕಿರಲಿಲ್ಲ.

ಅದಾದ ಮೇಲೆ ವಾರಕ್ಕೊಂದು ದಿನ ಊಟದ ಹೊತ್ತಿನಲ್ಲಿ ಅವರಿಂದ ಓದಿಸಿಕೊಂಡೆವು. ಹಾಗೆ ‘ಕುಸುಮಬಾಲೆ’ ಮುಗಿಯಿತು. ಅದೇ ಲೇಖಕರ ‘ಒಡಲಾಳ’ವನ್ನು ನಾನೇ ಓದಿಕೊಂಡೆ, ಕಿವಿ ಪಳಗಿತ್ತು. ಸಾಕವ್ವನ ಕಾಣೆಯಾದ ಹುಂಜ ನಿಮಗೆಲ್ಲ ಗೊತ್ತಿರಬಹುದು. ನನಗೆ ಮರೆಯಲಾಗದ್ದು ಆ ಮನೆಯವರೆಲ್ಲ ರಾತ್ರಿ ಕುಳಿತು ಕಡಲೆಕಾಯಿ ತಿನ್ನುವ ಭಾಗ. ಹಸಿದ ಮನೆಗೆ ಕದ್ದ ಕಾಯಿ ಬಂದಿದೆ. ಒಲೆಯ ಸುತ್ತ ದೊಡ್ಡವರು, ಚಿಕ್ಕವರು. ತಿನ್ನುವುದೇ ಒಂದು ಹಬ್ಬ. ಬೆಳಗಾದರೆ ಪೊಲೀಸಿನವರು. ಹಬ್ಬವನ್ನು ಹೀಗೆ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಮಂಡ್ಯದ ನಾವು ಹಬ್ಬವೆಂದರೆ ಬಾಡೂಟ, ಎಳ್ಳು ಬೆಲ್ಲ ಎಂದುಕೊಂಡಿದ್ದೇವೆ.

ಈಗ ಸ್ವಲ್ಪ ನಾಚಿಕೆಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ‘ಓದಿದ್ದೇನೆ’ ಎಂದು ಹೇಳುವ ಪುಸ್ತಕಗಳಲ್ಲಿ ಅರ್ಧದಷ್ಟನ್ನು ನೋಡಿರುತ್ತೇವೆ, ಓದಿರುವುದಿಲ್ಲ. ‘ಸಂಸ್ಕಾರ’, ‘ವಂಶವೃಕ್ಷ’, ‘ಚೋಮನ ದುಡಿ’, ‘ಫಣಿಯಮ್ಮ’, ಎಲ್ಲವೂ ಸಿನಿಮಾ ಆಗಿ ಬಂದವು. ನಾನೇ ‘ಶರಪಂಜರ’ ಓದಿದ್ದೇನೆಂದು ಹತ್ತು ವರ್ಷ ಹೇಳಿಕೊಂಡು ತಿರುಗಿದೆ. ನೋಡಿದ್ದು 1971ರ ಸಿನಿಮಾ, ಕಲ್ಪನಾ ಅವರದು. ತ್ರಿವೇಣಿಯವರ ಕಾದಂಬರಿಯನ್ನು ನಾನು ಮುಟ್ಟಿರಲೇ ಇಲ್ಲ. ಮುಟ್ಟದಿರಲು ಕಾರಣವೂ ಇತ್ತು: ಅದು ಹೆಂಗಸರು ಓದುವ ಕಾದಂಬರಿ ಎಂಬ ಕೊಬ್ಬು. ನನ್ನ ಹೆಂಡತಿ ಮೈಸೂರಿನ ಚಾಮರಾಜಪುರಂನವಳು. ಮದುವೆಗೆ ಮುಂಚೆ ಬೀದಿ ಕೊನೆಯ ಬಾಡಿಗೆ ಪುಸ್ತಕದ ಅಂಗಡಿಯನ್ನು ಅಕ್ಷರಶಃ ಖಾಲಿ ಮಾಡಿದವಳು. ಒಂದು ಸಲ ನಾನು ಯಾರೊಂದಿಗೋ ‘ಶರಪಂಜರ’ದ ಬಗ್ಗೆ ದೊಡ್ಡದಾಗಿ ಮಾತಾಡುತ್ತಿದ್ದೆ. ಅವಳು ಒಳಗಿನಿಂದ ಬಂದು, “ರೀ, ನೀವು ಹೇಳುತ್ತಿರುವುದು ಹಾಡಿನ ವಿಷಯ. ಪುಸ್ತಕದಲ್ಲಿ ಹಾಡಿಲ್ಲ” ಎಂದು ಹೇಳಿ ಕಾಫಿ ಲೋಟ ಇಟ್ಟು ಹೋದಳು.

ಆಮೇಲೆ ಓದಿದೆ. ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ಹೆಣ್ಣನ್ನು ಮನೆಯವರು ಗುಣವಾದವಳೆಂದು ನಂಬುವುದಿಲ್ಲ. ಅವಳ ಪ್ರತಿಯೊಂದು ಸಿಟ್ಟಿಗೂ, ನಗೆಗೂ ಒಂದೇ ಅರ್ಥ ಹಚ್ಚುತ್ತಾರೆ. ಕಾಯಿಲೆ ಅವಳಿಂದ ಇಳಿದು ಮನೆಗೆ ಹತ್ತಿಕೊಂಡಂತೆ ಇದೆ ಆ ಬರವಣಿಗೆ. ತ್ರಿವೇಣಿ ಹುಟ್ಟಿದ್ದು 1928ರಲ್ಲಿ, ಇದೇ ಮಂಡ್ಯದಲ್ಲಿ. ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರು. ಮೊದಲ ಕಾದಂಬರಿ ‘ಅಪಸ್ವರ’ ಬಂದದ್ದು 1953ರಲ್ಲಿ, ಅವರು ತೀರಿಕೊಂಡದ್ದು 1963ರಲ್ಲಿ. ನಡುವೆ ಇದ್ದದ್ದು ಹತ್ತು ವರ್ಷ, ಬರೆದದ್ದು ಸುಮಾರು 20 ಕಾದಂಬರಿ. ಮೂವತ್ತೈದು ತುಂಬಲಿಲ್ಲ. ಅದೇ 1963ರಲ್ಲಿ ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂತು. ಅವರಿಗಾಗ ನಲವತ್ತೈದು ದಾಟಿತ್ತು. ಒಬ್ಬರು ಮುಗಿಸಿದ ವರ್ಷ ಇನ್ನೊಬ್ಬರು ಶುರು ಮಾಡಿದರು. ಇಲ್ಲಿರುವ ಮಂಡ್ಯದವರಲ್ಲಿ ತ್ರಿವೇಣಿ ನಮ್ಮ ಊರಿನವರು ಎಂದು ಎಷ್ಟು ಜನಕ್ಕೆ ಗೊತ್ತಿತ್ತು? ಕೈ ಎತ್ತಿ. ... ಏಳು ಜನ. ಪರವಾಗಿಲ್ಲ, ನಮ್ಮ ಮೈಷುಗರ್ ಸಕ್ಕರೆ ಕಾರ್ಖಾನೆ ಯಾವಾಗ ಶುರುವಾಯಿತೆಂದು ಕೇಳಿದ್ದರೆ ಇನ್ನೂ ಕಡಿಮೆ ಕೈ ಏಳುತ್ತಿದ್ದವೇನೋ. 1933ರಲ್ಲಿ ಸ್ಥಾಪನೆಯಾಯಿತು. ‘ಚೋಮನ ದುಡಿ’ ಪ್ರಕಟವಾದ ವರ್ಷವೂ ಅದೇ. ಇಲ್ಲಿ ನಾಲೆಯ ನೀರು ಬಂದು ಗದ್ದೆಗಳು ಕಬ್ಬಾಗುತ್ತಿದ್ದ ಹೊತ್ತಿಗೆ, ಎರಡು ಎತ್ತು ಇದ್ದರೂ ಉಳಲು ಒಂದು ತುಂಡು ಭೂಮಿ ಸಿಗದ ಹೊಲೆಯನೊಬ್ಬನ ಕಥೆಯನ್ನು ಕಾರಂತರು ಅಲ್ಲಿ ಬರೆಯುತ್ತಿದ್ದರು. ನೀರು ನೋಡಿದಾಗೆಲ್ಲ ನನಗೆ ಈ ಲೆಕ್ಕ ನೆನಪಿಗೆ ಬರುತ್ತದೆ.

ಸಿನಿಮಾ, ನಾಟಕ ನೋಡಿದ್ದನ್ನು ಓದು ಎಂದು ಹೇಳಿಕೊಳ್ಳುವುದು ತಪ್ಪು. ಆದರೆ ಅದರಿಂದ ಓದಿಗೆ ದಾರಿಯಾಗುವುದಿಲ್ಲ ಎಂದರೂ ತಪ್ಪೇ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರ ಕಾದಂಬರಿ. ನಾನು ಮೂರು ಸಲ ಶುರು ಮಾಡಿ ಮೂರು ಸಲವೂ ಕಾಡಿನಲ್ಲಿ ದಾರಿ ತಪ್ಪಿ ವಾಪಸ್ಸು ಬಂದಿದ್ದೆ. ಯಾರ ಮನೆ ಯಾವುದು, ಯಾರು ಯಾರ ಆಳು, ಒಂದೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. 2010ರಲ್ಲಿ ಮೈಸೂರಿನ ರಂಗಾಯಣದವರು ಅದನ್ನು ರಾತ್ರಿಯಿಡೀ ಆಡಿದರು. ಸುಮಾರು ಒಂಬತ್ತು ಗಂಟೆಯ ನಾಟಕ. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಪ್ರೇಕ್ಷಕರೇ ಎದ್ದು ನಡೆಯಬೇಕು. ಕಂಬಳಿ ಹೊದ್ದು, ಫ್ಲಾಸ್ಕಿನಲ್ಲಿ ಚಹಾ ಹಿಡಿದು ಹೋಗಿದ್ದೆವು. ಬೆಳಗಿನ ಜಾವ ಮರಗಳ ನಡುವೆ ನಡೆಯುವಾಗ ನನಗೆ ಆ ಪುಸ್ತಕದ ಭೂಪಟ ಸಿಕ್ಕಿತು. ಇಲ್ಲಿ ಯಾರೂ ಮುಖ್ಯರಲ್ಲ, ಅಮುಖ್ಯರೂ ಅಲ್ಲ ಎಂದು ಕುವೆಂಪು ಬಾಗಿಲಲ್ಲೇ ಹೇಳಿಬಿಟ್ಟಿದ್ದಾರೆ. ನಾನು ನಾಯಕನನ್ನು ಹುಡುಕುತ್ತಿದ್ದದ್ದೇ ದಾರಿ ತಪ್ಪಲು ಕಾರಣ. ಮನೆಗೆ ಬಂದು, ಎರಡು ದಿನ ನಿದ್ದೆ ಮಾಡಿ, ನಾಲ್ಕನೆಯ ಸಲ ಹಿಡಿದೆ. ನಲವತ್ತು ದಿನಕ್ಕೆ ಮುಗಿಯಿತು. ಕೊನೆಯಲ್ಲಿ ಹುಲಿಯ ಎಂಬ ಗುತ್ತಿಯ ನಾಯಿ ಹೊಳೆಯ ಪಾಲಾಗುವ ಪುಟಗಳನ್ನು ನಾನು ಬಸ್ಸಿನಲ್ಲಿ ಓದಿದೆ. ಶ್ರೀರಂಗಪಟ್ಟಣದ ಸೇತುವೆ ಯಾವಾಗ ದಾಟಿತೋ ಗೊತ್ತಿಲ್ಲ. ಪಕ್ಕದಲ್ಲಿದ್ದ ಹೆಂಗಸು, “ಯಾರಿಗೆ ಏನಾಯಿತಪ್ಪ?” ಎಂದು ಕೇಳಿದರು. ನಾಯಿ ಎಂದು ಹೇಳಲು ಸಂಕೋಚವಾಯಿತು.

ಇಷ್ಟವಾದವುಗಳ ಮಾತು ಹೀಗೆ ಎಳೆದರೆ ಊಟದ ಹೊತ್ತು ಮೀರುತ್ತದೆ. ಭೈರಪ್ಪನವರ ‘ವಂಶವೃಕ್ಷ’ವನ್ನು ನಂಜನಗೂಡು–ಮೈಸೂರು ರೈಲಿನಲ್ಲಿ ಕುಳಿತು ಓದಬೇಕೆಂದು ಮಾತ್ರ ಹೇಳುತ್ತೇನೆ, ಕಾತ್ಯಾಯನಿ ಕಾಲೇಜಿಗೆ ಹೋಗಿಬರುವ ದಾರಿ ಅದು. ಅವರದೇ ‘ಪರ್ವ’ ನನ್ನ ಓದದ ಪುಸ್ತಕಗಳ ಸಾಲಿನಲ್ಲಿದೆ. ಕಳೆದ ವರ್ಷ, 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಎಲ್ಲರೂ ಪರ್ವ ಪರ್ವ ಎಂದು ಬರೆಯುತ್ತಿದ್ದರು. ನಾನು ಶಲ್ಯನ ಮನೆಯ ಮೊದಲ ಅಧ್ಯಾಯಕ್ಕಿಂತ ಮುಂದೆ ಹೋಗಿಲ್ಲ. ಪುಸ್ತಕದ ದೋಷವಲ್ಲ. ಅದನ್ನು ಹಿಡಿದು ಕುಳಿತರೆ ನಮ್ಮ ಅಜ್ಜಿ ಪಕ್ಕಕ್ಕೆ ಬಂದು ಕೂರುತ್ತಾಳೆ. ಪವಾಡ ತೆಗೆದ ಭಾರತವನ್ನು ಓದುವಾಗ ಅವಳು ಸಾಲುಸಾಲಿಗೂ ಕೆಮ್ಮುತ್ತಾಳೆ. ಆ ಕೆಮ್ಮಿಗೆ ಉತ್ತರ ಹೇಳುವಷ್ಟು ಧೈರ್ಯ ಬಂದ ದಿನ ಓದುತ್ತೇನೆ.

ಓದದ ಪುಸ್ತಕಗಳ ವಿಷಯದಲ್ಲಿ ಈ ಊರಿನವರು ನಾಚಿಕೆಪಡಬೇಕಾಗಿಲ್ಲ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಗೆ ಹೋಗಿ ನೋಡಿ. ಬಸ್ ಕಂಡಕ್ಟರ್ ಆಗಿ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ಅಲ್ಲಿ ‘ಪುಸ್ತಕ ಮನೆ’ ಕಟ್ಟಿದ್ದಾರೆ. ಲಕ್ಷಗಟ್ಟಲೆ ಪುಸ್ತಕ. ಕಪಾಟಿನಲ್ಲಿ ಹಿಡಿಯದೆ ನೆಲದ ಮೇಲೆ ರಾಶಿ ಬಿದ್ದಿವೆ, ಓಡಾಡಲು ಓಣಿ ಉಳಿದಿದೆ ಅಷ್ಟೇ. ನಾನು ಹೋದಾಗ ಆ ಓಣಿಯಲ್ಲಿ ನಿಂತು, ಇಷ್ಟನ್ನೂ ಒಬ್ಬ ಮನುಷ್ಯ ಹೇಗೆ ಓದುತ್ತಾನೆ ಎಂದು ಯೋಚಿಸಿದೆ. ಆಮೇಲೆ ನನ್ನ ಯೋಚನೆಯೇ ದಡ್ಡತನದ್ದು ಎನ್ನಿಸಿತು. ಅಂಚೆಯ ಚೀಲದಲ್ಲಿ ಸಾವಿರ ಕಾಗದ ಇರುತ್ತದೆ. ಅದನ್ನು ಹೊತ್ತವನು ಅಷ್ಟನ್ನೂ ಓದಲೆಂದು ಯಾರೂ ಹೇಳುವುದಿಲ್ಲ. ವಿಳಾಸದಾರ ಬರುವವರೆಗೆ ಜೋಪಾನವಾಗಿ ಇಡುವುದು ಅವನ ಕೆಲಸ.

ಆದರೆ ನಮ್ಮ ನಿಮ್ಮ ಮನೆಯ ವಿಷಯ ಬೇರೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅಲ್ಲಿ ಪುಸ್ತಕ ಕೊಳ್ಳದವರು ಇಲ್ಲಿ ಯಾರಿದ್ದೀರಿ? ನಾನು ಹನ್ನೊಂದು ಕೊಂಡೆ. ಎರಡು ಮುಗಿದಿವೆ. ಉಳಿದ ಒಂಬತ್ತು ಸಮ್ಮೇಳನದ ಬಟ್ಟೆ ಚೀಲದಲ್ಲೇ ಇವೆ. ಮೊನ್ನೆ ಈ ಮಾತಿಗಾಗಿ ಹಳೆಯ ಓದದ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಒಂದೊಂದನ್ನೂ ಬಿಡಿಸಿ ನೋಡಿದೆ. ನಿಂತ ಜಾಗದಲ್ಲೆಲ್ಲ ಏನಾದರೊಂದು ಗುರುತು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದಲ್ಲಿ ಮಗಳ ನಾಮಕರಣದ ಕಾರ್ಡು. ‘ಗ್ರಾಮಾಯಣ’ದಲ್ಲಿ ಅಪ್ಪ ಕೊನೆಯ ಸಲ ಕಬ್ಬು ಹಾಕಿದ ವರ್ಷದ ತೂಕದ ಚೀಟಿ. ‘ಶ್ರೀರಾಮಾಯಣ ದರ್ಶನಂ’ನಲ್ಲಿ ಕಂದು ಬಣ್ಣಕ್ಕೆ ತಿರುಗಿದ ಮಲ್ಲಿಗೆ ಎಸಳು, ಯಾರು ಇಟ್ಟದ್ದೋ, ಪುಸ್ತಕ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಹಳೆ ಪುಸ್ತಕದ ಅಂಗಡಿಯಲ್ಲಿ ಕೊಂಡದ್ದು. ಆ ಮಲ್ಲಿಗೆಯ ಮಾಲೀಕರೂ ನಾನೂ ಸರಿಸುಮಾರು ಒಂದೇ ಪುಟದಲ್ಲಿ ನಿಂತಿದ್ದೇವೆ. ‘ಗ್ರಾಮಾಯಣ’ವನ್ನು ನಾನು ಯಾಕೆ ಬಿಟ್ಟೆ ಎಂದು ಚೀಟಿ ನೋಡಿದ ಮೇಲೆ ಗೊತ್ತಾಯಿತು. ಒಂದು ಊರು ಹಾಳಾಗುವ ಕಥೆಯನ್ನು ಆ ವರ್ಷ ಓದುವುದು ನನ್ನಿಂದ ಆಗಿರಲಿಲ್ಲ. ಈಗ ಆಗಬಹುದು.

ಈ ಗರಿಗರಿ ಪುಸ್ತಕಕ್ಕೆ ಬರುತ್ತೇನೆ. ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ದೇ. ಜವರೇಗೌಡರೇ ಇದನ್ನು ಕನ್ನಡಕ್ಕೆ ತಂದಿದ್ದಾರೆ, ‘ಅನ್ನಾ ಕರೆನಿನಾ’ವನ್ನೂ ತಂದಿದ್ದಾರೆ. ಈಚೆಗೆ ಓ. ಎಲ್. ನಾಗಭೂಷಣಸ್ವಾಮಿಯವರೂ ಮಾಡಿದ್ದಾರೆ. ಕನ್ನಡದಲ್ಲಿಲ್ಲ ಎಂಬ ನೆಪವೂ ನನಗಿಲ್ಲ. ನಾನು ನಿಂತಿರುವುದು 112ನೆಯ ಪುಟದಲ್ಲಿ. 1805ರ ಜುಲೈ ತಿಂಗಳ ಒಂದು ಸಂಜೆ, ಶ್ರೀಮಂತರ ಮನೆಯ ಕೂಟದಿಂದ ಕಥೆ ಶುರುವಾಗುತ್ತದೆ. ಬಂದವರಿಗೆಲ್ಲ ಮೂರು ಮೂರು ಹೆಸರು. ಒಬ್ಬನನ್ನು ಅಮ್ಮ ಒಂದು ಹೆಸರಿನಿಂದ, ಸ್ನೇಹಿತ ಇನ್ನೊಂದರಿಂದ ಕರೆಯುತ್ತಾರೆ. ನಮ್ಮಲ್ಲೂ ಹಾಗೇ, ಶಾಲೆಗೆ ಒಂದು ಹೆಸರು, ಮನೆಗೆ ಒಂದು. ಆದರೆ ನಮ್ಮ ಊರಿನಲ್ಲಿ ಮುಖ ನೋಡಿ ಹೇಳಬಹುದು. ನಾನು ಒಂದು ಹಳೆಯ ಮನಿ ಆರ್ಡರ್ ಫಾರಂನ ಹಿಂದೆ ಹೆಸರುಗಳ ಪಟ್ಟಿ ಮಾಡತೊಡಗಿದೆ. ಆ ಫಾರಂಗೆ ಈಗ ಬೇರೆ ಕೆಲಸವಿಲ್ಲ. ಫಾರಂ ತುಂಬಿತು, ಹೆಸರು ಮುಗಿಯಲಿಲ್ಲ. ಫಾರಂ ಇನ್ನೂ ಅಲ್ಲೇ ಇದೆ.

ಇದನ್ನು ಓದಿದವರು ಇಲ್ಲಿ ಯಾರಾದರೂ ಇದ್ದೀರಾ?

(ಇಲ್ಲಿ ಮಾತು ಉಪನ್ಯಾಸವಾಗಿ ಉಳಿಯಲಿಲ್ಲ. ನಡುವಿನ ಸಾಲಿನಿಂದ ಒಬ್ಬರು ಎದ್ದರು. ಪಶುವೈದ್ಯ ಇಲಾಖೆಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಎರಡು ವರ್ಷದ ಹಿಂದೆ, ಹೆರಿಗೆ ರಜೆಯಲ್ಲಿ ಓದಿದೆ ಎಂದರು. ಮಗು ಮಲಗಿದಾಗ ಯುದ್ಧ, ಎದ್ದಾಗ ಶಾಂತಿಯೋ ಎಂದು ಯಾರೋ ಕೇಳಿದರು. ಉಲ್ಟಾ ಎಂದರು.)

ನೋಡಿ, ಇವರು ಸಿಕ್ಕಿದರು. ನಾನು ಇವರಲ್ಲಿ ಕೇಳುವುದು ಪುಸ್ತಕ ಹೇಗಿದೆ ಎಂದಲ್ಲ. ಚೆನ್ನಾಗಿದೆ ಎಂದೇ ಹೇಳುತ್ತಾರೆ. ನೂರೈವತ್ತು ವರ್ಷದಿಂದ ಜಗತ್ತೇ ಹೇಳುತ್ತಿದೆ, ಅದರಿಂದ ನಾನು 113ನೆಯ ಪುಟಕ್ಕೆ ಹೋಗಿಲ್ಲ. ನಾನು ಎಲ್ಲಿಯವರೆಗೆ ತಡೆದುಕೊಳ್ಳಬೇಕು, ಅದನ್ನು ಹೇಳಿ ತಾಯಿ.

(ಅವರು ಹೇಳಿದ್ದನ್ನು ನೆನಪಿನಿಂದ ಬರೆಯುತ್ತೇನೆ. ಒಂದು ಓಕ್ ಮರ ಬರುತ್ತದೆ ಸಾರ್, ಅಲ್ಲಿಯವರೆಗೆ ತಡೆದುಕೊಳ್ಳಿ. ರಾಜಕುಮಾರ ಆಂಡ್ರೆ ಹೆಂಡತಿಯನ್ನು ಕಳೆದುಕೊಂಡಿದ್ದಾನೆ, ಯುದ್ಧವನ್ನೂ ಕಂಡುಬಂದಿದ್ದಾನೆ. ವಸಂತದಲ್ಲಿ ಗಾಡಿಯಲ್ಲಿ ಹೋಗುವಾಗ ಸುತ್ತ ಎಲ್ಲವೂ ಚಿಗುರಿರುತ್ತದೆ, ಒಂದು ಮುದಿ ಓಕ್ ಮರ ಮಾತ್ರ ಬೋಳು. ಇದು ಹೇಳುವುದೇ ಸರಿ, ನಮ್ಮದೆಲ್ಲ ಮುಗಿಯಿತು ಎಂದುಕೊಳ್ಳುತ್ತಾನೆ. ಕೆಲವು ವಾರ ಬಿಟ್ಟು ಅದೇ ದಾರಿಯಲ್ಲಿ ವಾಪಸ್ಸು ಬರುವಾಗ ಮರವನ್ನು ಹುಡುಕುತ್ತಾನೆ, ಗುರುತೇ ಸಿಗುವುದಿಲ್ಲ. ಅದು ಮೈತುಂಬ ಎಲೆ ಬಿಟ್ಟು ನಿಂತಿರುತ್ತದೆ. ನಡುವೆ ಏನಾಯಿತೆಂದು ನಾನು ಹೇಳುವುದಿಲ್ಲ. ಇಷ್ಟು ಹೇಳಿ ಅವರು ಕೂತರು.)

ಇದಕ್ಕೆ ಮೇಲೆ ನಾನು ಹೇಳುವುದೇನಿದೆ? ನಮ್ಮ ಊರಿನ ಅರಳಿಮರ ಫಾಲ್ಗುಣದಲ್ಲಿ ಹೀಗೇ ಮೋಸ ಮಾಡುತ್ತದೆ.

ಈಗ ಒಂದು ಕೆಲಸ ಮಾಡೋಣ. ಭಾಷಣ ಸಾಕು. ನಿಮ್ಮ ಕೈಯಲ್ಲಿರುವ ಓದದ ಪುಸ್ತಕವನ್ನು ಎತ್ತಿ ಹಿಡಿಯಿರಿ. ಅದನ್ನು ಓದಿದವರು ಯಾರಾದರೂ ಇಲ್ಲಿದ್ದರೆ ಎದ್ದು ಅವರ ಪಕ್ಕ ಹೋಗಿ ಕೂರಲಿ. ಹೊಗಳಬಾರದು. ಲೇಖಕರ ಜೀವನ ಚರಿತ್ರೆ ಹೇಳಬಾರದು. ಒಂದು ಪುಟ ಓದಿ ಹೇಳಬೇಕು, ಜೋರಾಗಿ. ಗಲಾಟೆಯಾದರೆ ಆಗಲಿ.

(ಗಲಾಟೆಯಾಯಿತು. ಮೂವತ್ತು ಜನರಲ್ಲಿ ಹನ್ನೆರಡು ಜೋಡಿ ಕೂಡಿಬಂದವು. ಕೆ. ಆರ್. ಪೇಟೆಯಿಂದ ಬಂದಿದ್ದ ರೈತರೊಬ್ಬರು ‘ಕರ್ವಾಲೊ’ ಹಿಡಿದು ಒಬ್ಬರೇ ಕುಳಿತಿದ್ದರು. ಓದಿದ ಆರು ಜನ ಒಟ್ಟಿಗೇ ಅವರ ಮೇಲೆ ಬಿದ್ದರು. ಪುಟ್ಟಣ್ಣನವರ ಕಾದಂಬರಿ ತಂದಿದ್ದ ಕಾಲೇಜು ಹುಡುಗನಿಗೆ ಮಾತ್ರ ಯಾರೂ ಸಿಗಲಿಲ್ಲ. ಮೈಸೂರಿನ ಒಬ್ಬರ ಫೋನ್ ನಂಬರ್ ಕೊಟ್ಟಿದ್ದೇನೆ.

ಆ ಪಶುವೈದ್ಯೆ ಹೋದ ಬುಧವಾರ ಮಳವಳ್ಳಿಯಿಂದ ಫೋನ್ ಮಾಡಿದ್ದರು. ಹಿಂದಿನಿಂದ ಹಸು ಕೂಗುವುದು ಕೇಳಿಸುತ್ತಿತ್ತು. “ಎಲ್ಲಿಗೆ ಬಂದಿರಿ ಸಾರ್?” ಎಂದರು. ಮನಿ ಆರ್ಡರ್ ಫಾರಂ ಈಗ 240ನೆಯ ಪುಟದಲ್ಲಿದೆ ಎಂದೆ. “ಮರ ಇನ್ನೂ ದೂರ ಇದೆ” ಎಂದು ಹೇಳಿ, ಕರು ಅಡ್ಡ ತಿರುಗಿದೆ, ಆಮೇಲೆ ಮಾಡುತ್ತೇನೆ ಎಂದು ಇಟ್ಟರು.)